ಮಾತು ಕೇಳುವ ಮಗುವಿನ 'ನಾನು'

ಕೇಳುಗರೆಲ್ಲರಿಗೂ ನಮಸ್ಕಾರ. ಕಾಫಿ ಕೊಯ್ಲಿನ ಸಮಯ, ಕೂತು ಕೇಳಲು ಪುರುಸೊತ್ತಿಲ್ಲ ಅಂತ ಗೊತ್ತು. ಕಣದಲ್ಲಿ ಹಣ್ಣು ಹರಡುತ್ತಲೇ ಕೇಳಿ, ಸಾಕು.

'ನಾನು' ಅನ್ನುವುದು ಎಲ್ಲಿಂದ ಬರುತ್ತದೆ? ಮನೋವಿಶ್ಲೇಷಣೆ ಶುರುಮಾಡಿದ ವೈದ್ಯ ಫ್ರಾಯ್ಡ್ 1923ರಲ್ಲಿ ಮನಸ್ಸನ್ನು ಇಡ್ (ಒಳಗಿನ ಆಸೆ), ಈಗೋ ('ನಾನು'), ಸೂಪರ್ ಈಗೋ (ಸರಿ-ತಪ್ಪು ಹೇಳುವ ಒಳದನಿ) ಅಂತ ಮೂರು ಪಾಲು ಮಾಡಿದರು. ಅದು ಪರೀಕ್ಷೆ ಬರೆಯುವವರಿಗಿರಲಿ. ನನಗೆ ಬೇಕಾದವರು ಡೊನಾಲ್ಡ್ ವಿನಿಕಾಟ್. ಇಂಗ್ಲೆಂಡಿನ ಮಕ್ಕಳ ಡಾಕ್ಟರು, ಮನೋವಿಶ್ಲೇಷಕರೂ ಹೌದು, ಅಂದರೆ ಮಾತಾಡಿಸುತ್ತಲೇ ಮನಸ್ಸಿನ ಒಳಗನ್ನು ಅರಿಯುವವರು. ಮಗು ತಾಯಿಯ ಮುಖ ನೋಡುತ್ತದಲ್ವಾ, ಆ ಮುಖದಲ್ಲಿ ಅದು ತನ್ನನ್ನೇ ಕಾಣುತ್ತದೆ ಅಂದರು ಅವರು. 'ನಾನು' ಹುಟ್ಟುವುದು ಇನ್ನೊಬ್ಬರ ಮುಖದಲ್ಲಿ. ಇಷ್ಟು ನೆನಪಿಟ್ಟುಕೊಂಡರೆ ಸಾಕು.

ಸೋಮವಾರಪೇಟೆ ಕಡೆ ಒಂದು ಮನೆಗೆ ಹೋಗಿದ್ದೆ. ಆರೇಳು ವರ್ಷದ ಹುಡುಗ. ನೀರು ತಂದುಕೊಟ್ಟ. ನನ್ನ ಚಪ್ಪಲಿ ಜೋಡಿಸಿಟ್ಟ. ಯಾರೂ ಕೇಳದಿದ್ದರೂ ಮಗ್ಗಿ ಒಪ್ಪಿಸಿದ. "ಇವನದ್ದು ಒಂದು ದಿನವೂ ತೊಂದರೆ ಇಲ್ಲ ಡಾಕ್ಟ್ರೇ" ಅಂದರು ಅಜ್ಜಿ. ತಟ್ಟೆಯಲ್ಲಿ ಹಣ್ಣಿತ್ತು. "ಕಿತ್ತಳೆ ಬೇಕೇನಪ್ಪಾ, ಬಾಳೆಹಣ್ಣಾ?" ಅಂದೆ. ಅವನು ಅಮ್ಮನ ಮುಖ ನೋಡಿದ. ಅವರು ಏನೂ ಹೇಳಲಿಲ್ಲ. ಅಜ್ಜಿಯ ಮುಖ ನೋಡಿದ. "ಯಾವುದಾದ್ರೂ ಆಗುತ್ತೆ ಅಂಕಲ್." ನಿನಗೆ ಯಾವುದು ಇಷ್ಟ ಹೇಳು ಅಂದೆ. ಪಾಪ, ಬೆವರಿಬಿಟ್ಟ. ಕೊನೆಗೆ ನನ್ನನ್ನೇ ಕೇಳಿದ, "ನಿಮಗೆ ಯಾವುದು ಇಷ್ಟ?" ಎಲ್ಲರೂ ನಕ್ಕರು. ಎಷ್ಟು ಮರ್ಯಾದೆ ನೋಡಿ ಅಂದರು. ಹುಡುಗ ಎರಡನ್ನೂ ಮುಟ್ಟಲಿಲ್ಲ.

ತನಗೇನು ಬೇಕು ಅನ್ನುವುದನ್ನು ಬದಿಗಿಟ್ಟು ಬೇರೆಯವರ ಮುಖ ನೋಡಿಯೇ ನಡೆಯುವ ಈ 'ನಾನು'ವನ್ನೇ ವಿನಿಕಾಟ್ 1960ರಲ್ಲಿ 'ಸುಳ್ಳು ನಾನು' ಅಂತ ಕರೆದದ್ದು. ಮಗು ಸುಳ್ಳು ಹೇಳುತ್ತಿದೆ ಅಂತಲ್ಲ. ಒಳಗಿನ ನಿಜವಾದ 'ನಾನು'ವನ್ನು ಕಾಯಲು ಅದು ನಿಂತಿರುತ್ತದೆ, ತೋಟದ ಗೇಟಿನಲ್ಲಿ ವಾಚ್‌ಮನ್ ನಿಂತ ಹಾಗೆ. ನಮಗೆಲ್ಲ ಅವನು ಸ್ವಲ್ಪ ಬೇಕು. ಆದರೆ ವಾಚ್‌ಮನ್ನೇ ಯಜಮಾನ ಆಗಿಬಿಟ್ಟರೆ?

ಹಾಗಾದರೆ ಮಕ್ಕಳು ಹೇಳಿದ ಮಾತು ಕೇಳಬಾರದಾ ಅಂತ ಕೇಳಬೇಡಿ. ಎಲ್ಲಿ ಹೋದರೂ ಇದೇ ಪ್ರಶ್ನೆ! ಕೇಳಲಿ. ಒಮ್ಮೊಮ್ಮೆ ಬೇಡ ಅನ್ನಲಿ. ಅಂದಾಗ ನಿಮ್ಮ ಮುಖ ಗಂಟಿಕ್ಕದಿರಲಿ, ಅದನ್ನೇ ನಾನು ಹೇಳುತ್ತಿರುವುದು. ಮಗು ನೋಡುತ್ತಿರುವುದು ಆ ಮುಖವನ್ನೇ. ತಾಯಿ ಎಲ್ಲದರಲ್ಲೂ ಸರಿ ಇರಬೇಕು ಅಂತೇನೂ ಇಲ್ಲ, ತಕ್ಕಮಟ್ಟಿಗೆ ಇದ್ದರೆ ಆಯ್ತು ಅಂತ ವಿನಿಕಾಟರೇ ಹೇಳಿದ್ದಾರೆ.

ವಿಯೆನ್ನಾದಲ್ಲಿ ಹುಟ್ಟಿ ಅಮೆರಿಕಕ್ಕೆ ಹೋದ ಮನೋವಿಶ್ಲೇಷಕ ಹೈನ್ಜ್ ಕೊಹಟ್ ಬಗ್ಗೆಯೂ ಹೇಳಬೇಕಿತ್ತು. ನಮ್ಮನ್ನು ಮೆಚ್ಚಿ ನೋಡುವ ಮುಖ ದೊಡ್ಡವರಿಗೂ ಬೇಕು, ಸಾಯುವ ತನಕ ಬೇಕು ಅಂದವರು ಅವರು. ಹಣ್ಣಿನ ಕಥೆಯಲ್ಲೇ ಸಮಯ ಹೋಯಿತು. ನಮಸ್ಕಾರ.