ಲೆಕ್ಕ ಬಲ್ಲವರು ಮಂಡಳಿಯಲ್ಲಿ ಏನು ಕೇಳಬೇಕು?

ಕೇಳುಗರಿಗೆಲ್ಲ ನಮಸ್ಕಾರ.

2009ರ ಜನವರಿ 7ರಂದು ಸತ್ಯಂ ಕಂಪ್ಯೂಟರ್ ಕಂಪನಿಯ ಅಧ್ಯಕ್ಷ ರಾಮಲಿಂಗ ರಾಜು ತಮ್ಮ ನಿರ್ದೇಶಕ ಮಂಡಳಿಗೆ ಒಂದು ಪತ್ರ ಬರೆದರು. ಲೆಕ್ಕದ ಪುಸ್ತಕದಲ್ಲಿ ನಗದು ಮತ್ತು ಬ್ಯಾಂಕ್ ಶಿಲ್ಕು 5,361 ಕೋಟಿ ರೂಪಾಯಿ ಅಂತ ಇತ್ತು. ಅದರಲ್ಲಿ 5,040 ಕೋಟಿ ಇಲ್ಲವೇ ಇಲ್ಲ ಎಂದು ಅವರೇ ಬರೆದಿದ್ದರು. ಇಲ್ಲದ ದುಡ್ಡಿಗೆ 376 ಕೋಟಿ ಬಡ್ಡಿಯನ್ನೂ ತೋರಿಸಿದ್ದರು. 2008ರ ಸೆಪ್ಟೆಂಬರ್‌ಗೆ ಮುಗಿದ ಮೂರು ತಿಂಗಳ ವ್ಯವಹಾರದ ಲಾಭ 649 ಕೋಟಿ ಅಂತ ಕಾಣಿಸಿದ್ದರು, ನಿಜವಾಗಿ ಬಂದದ್ದು 61 ಕೋಟಿ.

ಈ ಮಂಡಳಿಯಲ್ಲಿ ಇದ್ದವರು ಯಾರು? ಕೇಂದ್ರ ಸರ್ಕಾರದ ಮಾಜಿ ಸಂಪುಟ ಕಾರ್ಯದರ್ಶಿ ಇದ್ದರು. ದೊಡ್ಡ ಬಿಸಿನೆಸ್ ಸ್ಕೂಲಿನ ಡೀನ್ ಇದ್ದರು. ಹಾರ್ವರ್ಡ್‌ನ ಪ್ರಾಧ್ಯಾಪಕರೂ ಇದ್ದರು. ಲಿಸ್ಟೆಡ್ ಕಂಪನಿಯ ಆಡಿಟ್ ಸಮಿತಿಯಲ್ಲಿ, ಅಂದರೆ ಲೆಕ್ಕಪತ್ರ ಪರಿಶೀಲಿಸುವ ಮಂಡಳಿಯ ಉಪಸಮಿತಿಯಲ್ಲಿ, ಲೆಕ್ಕಶಾಸ್ತ್ರ ಬಲ್ಲವರು ಕನಿಷ್ಠ ಒಬ್ಬರಾದರೂ ಇರಬೇಕು ಅನ್ನೋ ನಮ್ಮ ಷೇರು ಮಾರುಕಟ್ಟೆ ನಿಯಂತ್ರಕ ಸೆಬಿಯ ನಿಯಮ ಆಗಲೇ ಜಾರಿಯಲ್ಲಿತ್ತು. ಆದರೂ ಹೀಗಾಯಿತು.

ಇದರಲ್ಲಿ ನನ್ನನ್ನು ಜಾಸ್ತಿ ಕಾಡುವುದು ಒಂದು ಸಂಗತಿ. ಬ್ಯಾಂಕಿನಲ್ಲಿ ದುಡ್ಡಿದೆಯೋ ಇಲ್ಲವೋ ಅನ್ನೋದು ಕ್ಲಿಷ್ಟವಾದ ಲೆಕ್ಕವಲ್ಲ. ಬ್ಯಾಂಕು ಆಡಿಟರ್‌ಗೆ ನೇರವಾಗಿ ಬರೆದುಕೊಡುವ ಶಿಲ್ಕಿನ ಪತ್ರ ನೋಡಿದರೆ ಸಾಕು. ಸತ್ಯಂ ಆಡಿಟ್‌ನಲ್ಲಿ ಆ ಪತ್ರಗಳನ್ನು ಕಂಪನಿಯ ಕೈಯಿಂದಲೇ ಪಡೆದು ನಂಬಿದ್ದರು. 2011ರಲ್ಲಿ ಅಮೆರಿಕದ ಷೇರು ಮಾರುಕಟ್ಟೆ ನಿಯಂತ್ರಕರು ಆಡಿಟ್ ಸಂಸ್ಥೆಯ ಮೇಲೆ ಕ್ರಮ ಕೈಗೊಂಡಾಗ ಎತ್ತಿ ತೋರಿಸಿದ ಮುಖ್ಯ ತಪ್ಪು ಇದೇ. "ಈ ಪತ್ರ ಯಾರ ಮೂಲಕ ಬಂತು?" ಎಂದು ಸಮಿತಿಯಲ್ಲಿ ಒಬ್ಬರು ಪಟ್ಟು ಹಿಡಿದು ಕೇಳಿದ್ದರೆ ಸಾಕಿತ್ತು, ಅಲ್ವಾ?

ಇನ್ನು ಅಮೆರಿಕದ ಇಂಧನ ಕಂಪನಿ ಎನ್ರಾನ್. ಅದರ ಆಡಿಟ್ ಸಮಿತಿಯ ಅಧ್ಯಕ್ಷರು ಸ್ಟ್ಯಾನ್‌ಫರ್ಡ್‌ನಲ್ಲಿ ಲೆಕ್ಕಶಾಸ್ತ್ರ ಕಲಿಸಿ ನಿವೃತ್ತರಾದವರು, ಅಲ್ಲಿನ ಬಿಸಿನೆಸ್ ಸ್ಕೂಲಿನ ಮಾಜಿ ಡೀನ್. ಅವರಿಗಿಂತ ಬಲ್ಲವರನ್ನು ಎಲ್ಲಿಂದ ತರೋದು? ಆದರೂ ಅದೇ ಮಂಡಳಿ 1999ರಲ್ಲಿ ಕಂಪನಿಯ ನೀತಿಸಂಹಿತೆಯನ್ನು ಬದಿಗಿಟ್ಟಿತು. ಹಣಕಾಸು ಮುಖ್ಯಸ್ಥ ಆಂಡ್ರ್ಯೂ ಫಾಸ್ಟೋ ತಾವೇ ನಡೆಸುವ ಪಾಲುದಾರಿಕೆ ಸಂಸ್ಥೆಗಳು ಎನ್ರಾನ್ ಜೊತೆಗೇ ವ್ಯವಹಾರ ಮಾಡಲು ಒಪ್ಪಿಗೆ ಕೊಟ್ಟಿತು. ಕೊಡುವವನೂ ಅವನೇ, ಕೊಳ್ಳುವವನೂ ಅವನೇ. 2001ರ ಡಿಸೆಂಬರ್ 2ರಂದು ಎನ್ರಾನ್ ದಿವಾಳಿ ಅರ್ಜಿ ಹಾಕಿತು.

ಹಾಗಾದರೆ ಲೆಕ್ಕ ಬಲ್ಲವರು ಮಂಡಳಿಗೆ ಬೇಡವೇ? ಖಂಡಿತ ಬೇಕು. ಇಂದಿನ ಲೆಕ್ಕಪತ್ರಗಳಲ್ಲಿ ಎಣಿಸಿದ ದುಡ್ಡಿಗಿಂತ ಅಂದಾಜೇ ಜಾಸ್ತಿ. ನಮ್ಮ ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳಿಗೆ ಹೊಂದುವ ಒಂದು ಲೆಕ್ಕ ಹೇಳುತ್ತೇನೆ, ಸ್ವಲ್ಪ ನಿಧಾನವಾಗಿ ಕೇಳಿ. 100 ಕೋಟಿಗೆ ಒಪ್ಪಿಕೊಂಡ ಒಂದು ಕೆಲಸ. ಮುಗಿಸಲು ಒಟ್ಟು 80 ಕೋಟಿ ಖರ್ಚು ಅಂತ ಅಂದಾಜು. ಇಲ್ಲಿಯವರೆಗೆ 40 ಕೋಟಿ ಖರ್ಚಾಗಿದೆ. ಅಂದರೆ ಅರ್ಧ ಕೆಲಸ ಮುಗಿದಿದೆ ಎಂದುಕೊಂಡು 50 ಕೋಟಿ ಆದಾಯ ಬರೆಯುತ್ತಾರೆ. ಲಾಭ 10 ಕೋಟಿ. ಈಗ ಒಟ್ಟು ಖರ್ಚು 80 ಅಲ್ಲ, 100 ಕೋಟಿ ಆಗುತ್ತದೆ ಅನ್ನಿ. ಆಗ ಮುಗಿದದ್ದು ಶೇಕಡ 40 ಮಾತ್ರ. ಆದಾಯ 40, ಖರ್ಚು 40, ಲಾಭ ಸೊನ್ನೆ. ಒಂದು ರೂಪಾಯಿಯೂ ಆಚೀಚೆ ಆಗಲಿಲ್ಲ, ಅಂದಾಜು ಬದಲಾದ ಮಾತ್ರಕ್ಕೆ 10 ಕೋಟಿ ಲಾಭ ಹೋಯಿತು!

ಈ 80 ಅನ್ನೋ ಅಂಕಿ ಹಾಕಿದವರು ಯಾರು? ಆ ಪ್ರಾಜೆಕ್ಟ್ ನಡೆಸುವವರೇ. ಅವರ ಬೋನಸ್ಸೂ ಅದೇ ಲಾಭದ ಮೇಲೆ ನಿಂತಿರಬಹುದು. ಹೋದ ವರ್ಷ ಇದೇ ತಂಡ ಹಾಕಿದ ಅಂದಾಜಿಗೂ ಕೊನೆಗೆ ಆದ ಖರ್ಚಿಗೂ ಎಷ್ಟು ಅಂತರ ಬಂತು? ಇದನ್ನು ಕೇಳಲು ಲೆಕ್ಕ ಗೊತ್ತಿರಬೇಕು. ಆ ತಿಳಿವಳಿಕೆ ಇಲ್ಲದವರಿಗೆ 50 ಕೋಟಿ ಆದಾಯ ಅನ್ನೋದು ಸುಮ್ನೆ ಒಂದು ಅಂಕಿ. ಸಾಲ ಕೊಡುವ ಹಣಕಾಸು ಕಂಪನಿಗಳದ್ದೂ ಇದೇ ಕಥೆ: ಮುಂದೆ ಎಷ್ಟು ಸಾಲ ಮುಳುಗಬಹುದು ಎಂದು ಇವತ್ತೇ ಅಂದಾಜು ಮಾಡಿ ಲಾಭದಿಂದ ಕಳೆಯಬೇಕು.

ನನ್ನ ಮಟ್ಟಿಗೆ, ತಿಳಿದವರು ಸಮಿತಿಯಲ್ಲಿ ಇದ್ದರಷ್ಟೇ ಸಾಲದು. ಅಂಕಿಯ ಹಿಂದಿನ ಕಾಗದ ತರಿಸಿಕೊಂಡು ನೋಡಬೇಕು. ಅದಕ್ಕೆ ಸಮಯ ಬೇಕು. ನಿಯಮದ ಪ್ರಕಾರ ಆಡಿಟ್ ಸಮಿತಿ ವರ್ಷಕ್ಕೆ ಕನಿಷ್ಠ ನಾಲ್ಕು ಸಲ ಸೇರಬೇಕು. ಒಬ್ಬರೇ ಏಳೆಂಟು ಕಂಪನಿಗಳ ಮಂಡಳಿಯಲ್ಲಿ ಕೂತರೆ ಕಾಗದ ಓದುವುದು ಯಾವಾಗ?

ಷೇರು ಇಟ್ಟುಕೊಂಡಿರುವ ಕೇಳುಗರೇ, ನಿಮ್ಮ ಕಂಪನಿಯ ವಾರ್ಷಿಕ ವರದಿಯಲ್ಲಿ ಎರಡು ಕಡೆ ನೋಡಿ. ಆಡಿಟ್ ಸಮಿತಿಯಲ್ಲಿ ಯಾರಿದ್ದಾರೆ, ಎಷ್ಟು ಸಭೆಗೆ ಬಂದಿದ್ದಾರೆ ಅನ್ನೋದು ಒಂದು ಕಡೆ ಇರುತ್ತದೆ. ಯಾವ ಲೆಕ್ಕಕ್ಕೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಾಯಿತು ಎಂದು ಆಡಿಟರ್ ತಮ್ಮ ವರದಿಯಲ್ಲಿ 'ಕೀ ಆಡಿಟ್ ಮ್ಯಾಟರ್ಸ್' ಎಂಬ ತಲೆಬರಹದ ಕೆಳಗೆ ಬರೆದಿರುತ್ತಾರೆ. ಆ ಲೆಕ್ಕದ ಬಗ್ಗೆಯೇ ವಾರ್ಷಿಕ ಸಭೆಯಲ್ಲಿ ಕೇಳಿ. ಷೇರುದಾರರ ಪ್ರಶ್ನೆಗೆ ಉತ್ತರಿಸಲು ಆಡಿಟ್ ಸಮಿತಿಯ ಅಧ್ಯಕ್ಷರು ಆ ಸಭೆಯಲ್ಲಿ ಇರಲೇಬೇಕು ಎನ್ನುತ್ತದೆ ಸೆಬಿ ನಿಯಮ. ಹತ್ತೇ ಷೇರು ಇದ್ದರೂ ಕೇಳುವ ಹಕ್ಕು ನಿಮಗಿದೆ.

ನಮಸ್ಕಾರ.