ಹಿಮ ಹೇಳುವುದು ಚಳಿಯ ಸುದ್ದಿ, ನಮ್ಮ ಮಳೆ ಹೇಳುವುದು ದಾರಿಯ ಸುದ್ದಿ

ಎಲ್ಲರಿಗೂ ನಮಸ್ಕಾರ. ಚಿಕ್ಕಬಳ್ಳಾಪುರದಲ್ಲಿ ಮಳೆಯ ಬಗ್ಗೆ ಮಾತಾಡುತ್ತೇನೆ ಅಂದರೆ ಜನ ಬಂದೇ ಬರುತ್ತಾರೆ. ಐಸೋಟೋಪು ಅಂತ ಬೋರ್ಡಿನಲ್ಲಿ ಬರೆದ ಮೇಲೂ ಬಂದಿದ್ದೀರಲ್ಲ, ಅದಕ್ಕೆ ಸಂತೋಷ.

ನೀರಿನಲ್ಲಿ ಎರಡು ಹೈಡ್ರೋಜನ್, ಒಂದು ಆಕ್ಸಿಜನ್ ಇರುತ್ತದೆ. ಇದು ಶಾಲೆಯ ಪಾಠ. ಆದರೆ ಆಕ್ಸಿಜನ್ ಎಲ್ಲವೂ ಒಂದೇ ತೂಕದ್ದಲ್ಲ. ಒಂದೇ ಮೂಲವಸ್ತುವಿನ ಈ ಬೇರೆ ಬೇರೆ ತೂಕದ ರೂಪಗಳಿಗೇ ಐಸೋಟೋಪು ಅನ್ನುವುದು. ಬಹುಪಾಲು ಆಕ್ಸಿಜನ್-16. ಸುಮಾರು ಐನೂರಕ್ಕೆ ಒಂದರಂತೆ ಆಕ್ಸಿಜನ್-18 ಸೇರಿಕೊಂಡಿರುತ್ತದೆ. ನಡುವೆ 17 ಕೂಡ ಇದೆ, ತೀರಾ ಕಡಿಮೆ, ಇವತ್ತು ಅದರ ಗೋಜಿಗೆ ಹೋಗುವುದು ಬೇಡ. 18 ಇರುವ ನೀರು ಸ್ವಲ್ಪ ಭಾರ, ಅಷ್ಟೇ. ಕುಡಿದರೆ ರುಚಿಯಲ್ಲಿ ವ್ಯತ್ಯಾಸ ಗೊತ್ತಾಗುವುದಿಲ್ಲ. ವಿಕಿರಣವನ್ನೂ ಸೂಸುವುದಿಲ್ಲ. ಐಸೋಟೋಪು ಅಂದ ಕೂಡಲೇ ಕೈಗಾ ನೆನಪಾಗುವವರು ನಿಶ್ಚಿಂತೆಯಿಂದ ಕೂರಬಹುದು.

ಈ ಚೂರು ತೂಕದ ವ್ಯತ್ಯಾಸ ಎದ್ದು ಕಾಣುವುದು ನೀರು ಆವಿಯಾಗುವಾಗ ಮತ್ತು ಆವಿ ಮತ್ತೆ ನೀರಾಗುವಾಗ. ಆವಿಯಾಗಲು ಹಗುರ ನೀರಿಗೆ ಆತುರ ಜಾಸ್ತಿ. 25 ಡಿಗ್ರಿಯಲ್ಲಿ ನೀರಿನ ಮೇಲೆ ನಿಂತ ಆವಿಯಲ್ಲಿ ಆಕ್ಸಿಜನ್-18 ಸಾವಿರಕ್ಕೆ ಒಂಬತ್ತರಷ್ಟು ಕಡಿಮೆ ಇರುತ್ತದೆ. ಮೋಡ ಮಳೆಯಾಗುವಾಗ ಇದೇ ಲೆಕ್ಕ ತಿರುಗುಮುರುಗು: ಭಾರದ್ದು ಮೊದಲು ಬೀಳುತ್ತದೆ. ಕಣದಲ್ಲಿ ರಾಗಿ ತೂರುವುದನ್ನು ನೋಡಿದ್ದೀರಲ್ವಾ? ಕಾಳು ಹತ್ತಿರ ಬೀಳುತ್ತದೆ, ಹೊಟ್ಟು ದೂರ ಹೋಗುತ್ತದೆ. ಮೋಡವೂ ಹಾಗೆಯೇ, ದಾರಿಯುದ್ದಕ್ಕೂ ಸುರಿಸುತ್ತಾ ಸುರಿಸುತ್ತಾ ಉಳಿದದ್ದು ಹಗುರವಾಗುತ್ತಾ ಹೋಗುತ್ತದೆ.

ಅಳತೆಗೆ ಸಮುದ್ರದ ನೀರನ್ನು ಸೊನ್ನೆ ಅಂತ ಇಟ್ಟುಕೊಂಡಿದ್ದಾರೆ. ಮಳೆನೀರಿಗೆ ಮೈನಸ್ 5 ಬಂತು ಅಂದರೆ ಅದರಲ್ಲಿ ಆಕ್ಸಿಜನ್-18 ಸಮುದ್ರಕ್ಕಿಂತ ಸಾವಿರಕ್ಕೆ ಐದರಷ್ಟು ಕಡಿಮೆ. ಇನ್ನು ಮುಂದೆ ನಾನು ಹೇಳುವ ಮೈನಸ್‌ಗಳೆಲ್ಲ ಈ ಲೆಕ್ಕದವೇ. ಚಳಿಯ ಡಿಗ್ರಿ ಅಂದುಕೊಳ್ಳಬೇಡಿ.

ಈ ವಿದ್ಯೆಗೆ ಬುನಾದಿ ಹಾಕಿದವರಲ್ಲಿ ದೊಡ್ಡ ಹೆಸರು ಡೆನ್ಮಾರ್ಕಿನ ವಿಲ್ಲಿ ಡಾನ್ಸ್‌ಗಾರ್ಡ್. 1952ರ ಜೂನ್‌ನಲ್ಲಿ ಕೋಪನ್‌ಹೇಗನ್‌ನಲ್ಲಿ ಜೋರು ಮಳೆ. ಅವರು ಮನೆಯ ಅಂಗಳದಲ್ಲಿ ಒಂದು ಖಾಲಿ ಬಿಯರ್ ಬಾಟಲಿ ಇಟ್ಟು, ಅದರ ಬಾಯಿಗೆ ಆಲಿಕೆ ಸಿಕ್ಕಿಸಿದರು. ಪ್ರಯೋಗಾಲಯದಲ್ಲಿ ಮಾಸ್ ಸ್ಪೆಕ್ಟ್ರೋಮೀಟರ್, ಅಂದರೆ ಭಾರದ್ದು ಹಗುರದ್ದು ಬೇರ್ಪಡಿಸಿ ಅಳೆಯುವ ಯಂತ್ರ, ಇತ್ತು, ಮಳೆ ಸುರಿಯುತ್ತಾ ಹೋದಂತೆ ನೀರಿನ ಗುಣ ಬದಲಾಗುತ್ತದಾ ನೋಡೋಣ ಅನ್ನುವ ಕುತೂಹಲ ಅಷ್ಟೇ. ಬದಲಾಗಿತ್ತು. ಆಮೇಲೆ ಬೇರೆ ಬೇರೆ ದೇಶಗಳ ಮಳೆ, ಹಿಮ ಎಲ್ಲ ತರಿಸಿ ಅಳೆದರು. 1964ರಲ್ಲಿ ಅವರು ಪ್ರಕಟಿಸಿದ ಲೆಕ್ಕದಲ್ಲಿ, ಚಳಿ ಪ್ರದೇಶಗಳಲ್ಲಿ ವರ್ಷದ ಸರಾಸರಿ ಉಷ್ಣತೆ ಒಂದು ಡಿಗ್ರಿ ಇಳಿದರೆ ಈ ಸಂಖ್ಯೆ ಸುಮಾರು 0.7 ಇಳಿಯುತ್ತದೆ. ಮೋಡ ತಣ್ಣಗಾದಷ್ಟೂ ತೇವ ಕಳೆದುಕೊಳ್ಳುತ್ತದೆ, ಕಳೆದುಕೊಂಡಷ್ಟೂ ಉಳಿದದ್ದು ಹಗುರ. ಅಂಟಾರ್ಕ್ಟಿಕಾದ ನಡುಭಾಗಕ್ಕೆ ತಲುಪುವ ಹೊತ್ತಿಗೆ ಹಿಮ ಮೈನಸ್ 50ರ ಆಸುಪಾಸಿಗೆ ಇಳಿದಿರುತ್ತದೆ.

ಹಿಮ ಕರಗದ ಜಾಗದಲ್ಲಿ ವರ್ಷದ ಮೇಲೆ ವರ್ಷ ಪದರ ಕೂರುತ್ತದೆ. ಅಮೆರಿಕದ ಸೇನೆ ಗ್ರೀನ್‌ಲ್ಯಾಂಡಿನ ಮಂಜಿನೊಳಗೆ ಕ್ಯಾಂಪ್ ಸೆಂಚುರಿ ಅಂತ ಒಂದು ನೆಲೆ ಕಟ್ಟಿತ್ತು. ಶೀತಲ ಸಮರದ ಕಾಲ, ಉದ್ದೇಶ ವಿಜ್ಞಾನ ಮಾತ್ರ ಆಗಿರಲಿಲ್ಲ. ಅಲ್ಲಿ 1966ರಲ್ಲಿ ಕೊಳವೆ ಬಾವಿಯ ಥರ ಕೊರೆಯುತ್ತಾ ಸುಮಾರು 1,390 ಮೀಟರ್ ಇಳಿದು ಮಂಜಿನ ತಳ ಮುಟ್ಟಿದರು. ಆ ಮಂಜಿನ ಕಂಬವನ್ನು ಡಾನ್ಸ್‌ಗಾರ್ಡ್ ತಂಡ ತುಂಡು ತುಂಡಾಗಿ ಅಳೆಯಿತು. ಕೆಳಗೆ ಹೋದಂತೆ ಸಂಖ್ಯೆ ಒಂದು ಕಡೆ ದಡಕ್ಕನೆ ಕುಸಿದಿತ್ತು. ಅದೇ ಹಿಮಯುಗ. ಆಮೇಲೆ ಅಂಟಾರ್ಕ್ಟಿಕಾದ ಡೋಮ್ ಸಿ ಅನ್ನುವಲ್ಲಿ ಕೊರೆದ ಮಂಜು ಎಂಟು ಲಕ್ಷ ವರ್ಷದ ಕಥೆ ಕೊಟ್ಟಿತು.

ಇಲ್ಲಿ ಒಂದು ತೊಡಕು ಬಂತು. ನನಗೆ ಇಡೀ ಕಥೆಯಲ್ಲಿ ಇಷ್ಟವಾದದ್ದೇ ಇದು. 1990ರ ದಶಕದಲ್ಲಿ ಗ್ರೀನ್‌ಲ್ಯಾಂಡಿನಲ್ಲಿ ಕೊರೆದ ರಂಧ್ರದೊಳಗೇ ಥರ್ಮಾಮೀಟರ್ ಇಳಿಸಿದರು. ಮಂಜು ಹಳೆಯ ಚಳಿಯನ್ನು ಇನ್ನೂ ಪೂರ್ತಿ ಬಿಟ್ಟಿರುವುದಿಲ್ಲ. ಹಿಮಯುಗದ ಗರಿಷ್ಠ ಚಳಿಯಲ್ಲಿ ಅಲ್ಲಿ ಇವತ್ತಿಗಿಂತ 20 ಡಿಗ್ರಿಗೂ ಹೆಚ್ಚು ತಣ್ಣಗಿತ್ತು ಅಂತ ತಿಳಿಯಿತು. ಐಸೋಟೋಪಿನ ಹಳೆ ಸೂತ್ರ ಹೇಳಿದ್ದು ಅದರ ಅರ್ಧದಷ್ಟು! ಅಳತೆ ತಪ್ಪಿರಲಿಲ್ಲ. ಹಿಮಯುಗದ ಚಳಿಗಾಲದಲ್ಲಿ ಅಲ್ಲಿ ಹಿಮ ಬೀಳುವುದೇ ಕಡಿಮೆಯಾಗಿತ್ತು. ಪದರದಲ್ಲಿ ದಾಖಲಾಗಿದ್ದು ಹೆಚ್ಚಾಗಿ ಬೇಸಿಗೆಯ ಹಿಮ. ಬಿದ್ದ ಹಿಮ ಬಿದ್ದ ದಿನದ ಕಥೆಯನ್ನು ಹೇಳುತ್ತದೆಯೇ ಹೊರತು ಬೀಳದ ದಿನದ್ದನ್ನಲ್ಲ.

ಅದೇ ಸೂತ್ರವನ್ನು ನಮ್ಮೂರಿಗೆ ತಂದರೆ ಇನ್ನೂ ತಮಾಷೆ. ನಂದಿಬೆಟ್ಟದ ಈ ಸೀಮೆಯಲ್ಲಿ ಜುಲೈಗೂ ಅಕ್ಟೋಬರ್‌ಗೂ ಸರಾಸರಿ ಉಷ್ಣತೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇಲ್ಲ. ಆದರೆ ದಕ್ಷಿಣ ಭಾರತದಲ್ಲಿ ಹಿಂಗಾರು ಮಳೆಯ ನೀರು ಮುಂಗಾರಿನದಕ್ಕಿಂತ ಹಗುರ ಅಂತ ಮತ್ತೆ ಮತ್ತೆ ಅಳೆದು ನೋಡಿದ್ದಾರೆ. ಲೆಕ್ಕಕ್ಕೆ ಜುಲೈ ಮಳೆ ಮೈನಸ್ 2, ಅಕ್ಟೋಬರ್‌ನದು ಮೈನಸ್ 8 ಅಂತ ಇಟ್ಟುಕೊಳ್ಳಿ. ವ್ಯತ್ಯಾಸ ಆರು. ಡಾನ್ಸ್‌ಗಾರ್ಡ್ ಸೂತ್ರ ಹಾಕಿದರೆ ಚಿಕ್ಕಬಳ್ಳಾಪುರ ಮೂರು ತಿಂಗಳಲ್ಲಿ ಎಂಟೊಂಬತ್ತು ಡಿಗ್ರಿ ತಣ್ಣಗಾಗಬೇಕು. ಆಗುತ್ತದಾ? ಅಕ್ಟೋಬರ್‌ನಲ್ಲಿ ಯಾರೂ ಕಂಬಳಿ ಹುಡುಕುವುದಿಲ್ಲ.

ಹಾಗಾದರೆ ಆ ಆರು ಎಲ್ಲಿಂದ ಬಂತು? ಮೋಡ ಬಂದ ದಾರಿಯಿಂದ. ಮುಂಗಾರು ಬರುವುದು ಅರಬ್ಬೀ ಸಮುದ್ರದಿಂದ, ಪಶ್ಚಿಮ ಘಟ್ಟ ದಾಟಿ. ಘಟ್ಟದ ಈಚೆಗೆ ನಮಗೆ ಸಿಗುವುದು ತುಂತುರು. ಸಣ್ಣ ಹನಿ ಬೀಳುವಾಗಲೇ ಒಣಗಾಳಿಯಲ್ಲಿ ಒಂದಷ್ಟು ಆವಿಯಾಗುತ್ತದೆ. ಆವಿಯಾಗಿ ಹೋಗುವುದು ಹಗುರದ್ದು, ನೆಲಕ್ಕೆ ತಲುಪುವುದು ಭಾರದ್ದು. ಹಿಂಗಾರಿನ ಕಥೆ ಬೇರೆ. ಹಸ್ತೆ, ಚಿತ್ತೆಯ ಹೊತ್ತಿಗೆ ಗಾಳಿ ತಿರುಗಿ ಮೋಡ ಬಂಗಾಳ ಕೊಲ್ಲಿಯಿಂದ ಬರುತ್ತದೆ. ಗಂಗೆ, ಬ್ರಹ್ಮಪುತ್ರದಂಥ ನದಿಗಳು ಮಳೆಗಾಲವಿಡೀ ಸಿಹಿನೀರು ಸುರಿದು ಆ ಕೊಲ್ಲಿಯ ಮೇಲ್ಪದರವನ್ನೇ ಹಗುರ ಮಾಡಿರುತ್ತವೆ. ಜೊತೆಗೆ ವಾಯುಭಾರ ಕುಸಿತ, ಚಂಡಮಾರುತ. ಅಂಥ ದೊಡ್ಡ ಮೋಡದ ಗುಂಪು ದಾರಿಯಲ್ಲಿ ಅಷ್ಟೊಂದು ಸುರಿಸಿಕೊಂಡು ಬಂದಿರುತ್ತದೆ, ಭಾರದ್ದು ಆಗಲೇ ಮುಗಿದಿರುತ್ತದೆ. 2021ರ ನವೆಂಬರ್ ನೆನಪಿರಬೇಕಲ್ಲ, ನಮ್ಮ ಕೆರೆಗಳು ಕೋಡಿ ಬಿದ್ದು ರಸ್ತೆ ಮೇಲೆ ಹರಿದದ್ದು. ಆ ಥರದ ಮಳೆ ಈ ಲೆಕ್ಕದಲ್ಲಿ ತುಂಬಾ ಕೆಳಗೆ ಇಳಿಯುವ ಜಾತಿಯದು.

ಉಷ್ಣವಲಯದಲ್ಲಿ ಮಳೆ ಜೋರಾದಷ್ಟೂ ಸಂಖ್ಯೆ ಇಳಿಯುತ್ತದೆ ಅನ್ನುವುದನ್ನೂ ಡಾನ್ಸ್‌ಗಾರ್ಡ್ ಆಗಲೇ ಗುರುತಿಸಿದ್ದರು. ಇದನ್ನು ಹಿಡಿದುಕೊಂಡೇ ಹಳೆಯ ಮುಂಗಾರುಗಳನ್ನು ಹುಡುಕುತ್ತಾರೆ. ಮೇಘಾಲಯದ ಸೋಹ್ರಾ ಹತ್ತಿರ ಮಾವ್‌ಮ್ಲುಹ್ ಅನ್ನುವ ಸುಣ್ಣಕಲ್ಲಿನ ಗುಹೆ ಇದೆ. ಸೂರಿನಿಂದ ತೊಟ್ಟಿಕ್ಕಿದ ಮಳೆನೀರು ನೆಲದಲ್ಲಿ ಕಲ್ಲಿನ ಕಂಬವಾಗಿ ಬೆಳೆಯುತ್ತದೆ, ನೀರಿನ ಆಕ್ಸಿಜನ್ ಆ ಕಲ್ಲಿನೊಳಗೆ ಕೂರುತ್ತದೆ. ಸುಮಾರು 4,200 ವರ್ಷದ ಹಿಂದಿನ ಪದರದಲ್ಲಿ ಆಕ್ಸಿಜನ್-18 ಏರಿದೆ, ಅಂದರೆ ಮುಂಗಾರು ಸೊರಗಿತ್ತು. 2018ರಲ್ಲಿ ಭೂವಿಜ್ಞಾನಿಗಳು ಅಲ್ಲಿಂದ ಇವತ್ತಿನವರೆಗಿನ ಕಾಲಕ್ಕೆ ಮೇಘಾಲಯನ್ ಯುಗ ಅಂತಲೇ ಹೆಸರಿಟ್ಟರು. ಆ ಬರ ಎಷ್ಟು ದೇಶಗಳಿಗೆ ಹಬ್ಬಿತ್ತು ಅನ್ನುವ ಜಗಳ ಇನ್ನೂ ನಡೆದಿದೆ. ನಡೆಯಲಿ, ಒಂದು ಕಲ್ಲಿನ ಮೇಲೆ ಅಷ್ಟು ದೊಡ್ಡ ಹೆಸರು ಇಟ್ಟರೆ ಜನ ಕೇಳಲೇಬೇಕು.

ನಮ್ಮಲ್ಲಿ ಅಂಥ ಗುಹೆ ಇಲ್ಲ, ಇರುವುದು ಗ್ರಾನೈಟು ಬಂಡೆ. ನಮಗೆ ಉಪಯೋಗಕ್ಕೆ ಬರುವುದು ಬಂಡೆಯ ಬಿರುಕಿನಲ್ಲಿ ನಿಂತ ಅಂತರ್ಜಲ. ಕೆರೆ ನೀರು ಬೇಸಿಗೆಯಲ್ಲಿ ಬತ್ತುತ್ತಾ ಹೋದಂತೆ ಹಗುರದ್ದು ಮೊದಲು ಹಾರಿ, ಉಳಿದದ್ದು ಭಾರವಾಗುತ್ತದೆ. ಆಕ್ಸಿಜನ್ ಜೊತೆ ಭಾರದ ಹೈಡ್ರೋಜನ್ನನ್ನೂ ಅಳೆದರೆ ಇದು ಇನ್ನೂ ಸ್ಪಷ್ಟ. ಈ ಎರಡು ಅಳತೆಗಳನ್ನು ಗ್ರಾಫಿನಲ್ಲಿ ಗುರುತಿಸಿದರೆ ಲೋಕದ ಮಳೆಯೆಲ್ಲ ಸುಮಾರಾಗಿ ಒಂದೇ ಗೆರೆಯ ಮೇಲೆ ಕೂರುತ್ತದೆ ಅಂತ 1961ರಲ್ಲಿ ಅಮೆರಿಕದ ವಿಜ್ಞಾನಿ ಹಾರ್ಮನ್ ಕ್ರೇಗ್ ತೋರಿಸಿದ್ದರು. ಆವಿಯಾಗಿ ಉಳಿದ ಕೆರೆ ನೀರು ಆ ಗೆರೆಯಿಂದ ಪಕ್ಕಕ್ಕೆ ಜಾರುತ್ತದೆ. ಹಾಗಾಗಿ ಒಂದು ಬೋರ್‌ವೆಲ್ಲಿಗೆ ನೀರು ಇಳಿದದ್ದು ಕೆರೆಯಿಂದಲೋ ನೇರ ಮಳೆಯಿಂದಲೋ ಅಂತ ವಿಚಾರಿಸಬಹುದು. ಎಚ್.ಎನ್. ವ್ಯಾಲಿ, ಕೆ.ಸಿ. ವ್ಯಾಲಿ ನೀರು ನಮ್ಮ ಕೆರೆಗಳಿಗೆ ಬಂದ ಮೇಲೆ ಈ ಪ್ರಶ್ನೆ ಇನ್ನೂ ಬಿಸಿಯಾಗಿದೆ. ಬೆಂಗಳೂರಿನಲ್ಲಿ ಬಳಸಿ ಶುದ್ಧೀಕರಿಸಿದ ಆ ನೀರಿನಲ್ಲಿ ಕಾವೇರಿಯ ಪಾಲು ದೊಡ್ಡದು, ಅಂದರೆ ಘಟ್ಟದ ಮಳೆ. ಅದರ ಗುರುತೂ ನಮ್ಮ ಮಳೆಯ ಗುರುತೂ ಬೇರೆ ಇದ್ದರೆ, ಯಾವ ಬೋರ್‌ವೆಲ್ಲಿಗೆ ಎಷ್ಟು ಸೇರಿದೆ ಅಂತ ಅಂದಾಜು ಮಾಡಬಹುದು. ನೀರು ಶುದ್ಧವೋ ಅಲ್ಲವೋ ಅನ್ನುವುದನ್ನು ಮಾತ್ರ ಐಸೋಟೋಪು ಹೇಳುವುದಿಲ್ಲ. ಅದಕ್ಕೆ ಬೇರೆಯೇ ಪರೀಕ್ಷೆ ಮಾಡಿಸಬೇಕು.

ಕಾಲೇಜಿನ ಮಕ್ಕಳಿಗೆ ಒಂದು ಕೆಲಸ ಹೇಳಿಬಿಡುತ್ತೇನೆ. ಭರಣಿಯಿಂದ ಸ್ವಾತಿಯವರೆಗೆ ಮಳೆ ಹಿಡಿಯಿರಿ. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಅಂತ ಕಾಯುವ ಊರಿನಲ್ಲಿ ಮಳೆಯ ಹೆಸರು, ದಿನ ಯಾರೂ ಮರೆಯುವುದಿಲ್ಲ, ಅದು ಅನುಕೂಲ. ತಾರಸಿಯ ಮೇಲೆ ಆಲಿಕೆ, ಬಾಟಲಿ ಸಾಕು. ಬಾಟಲಿಯೊಳಗೆ ಸ್ವಲ್ಪ ಲಿಕ್ವಿಡ್ ಪ್ಯಾರಾಫಿನ್ ಹಾಕಿಡಿ, ಅದು ನೀರಿನ ಮೇಲೆ ತೇಲಿ ಆವಿಯಾಗದಂತೆ ತಡೆಯುತ್ತದೆ. ಮಳೆ ನಿಂತ ಕೂಡಲೇ ಎಣ್ಣೆ ಬಾರದಂತೆ ನೀರನ್ನು ಸಣ್ಣ ಬಾಟಲಿಗೆ ಕತ್ತಿನವರೆಗೆ ತುಂಬಿ. ಗಾಳಿಗುಳ್ಳೆ ಉಳಿಯಬಾರದು. ಮುಚ್ಚಳ ಬಿಗಿ ಮಾಡಿ ದಿನಾಂಕ, ಎಷ್ಟು ಮಿಲಿಮೀಟರ್ ಬಿತ್ತು, ಗಾಳಿ ಯಾವ ಕಡೆಯಿಂದ ಬೀಸಿತು ಅಂತ ಚೀಟಿ ಅಂಟಿಸಿ. ಈಗ ಲೇಸರ್ ಯಂತ್ರಗಳು ಬಂದಿವೆ, ಒಂದೆರಡು ಮಿಲಿಲೀಟರ್ ನೀರಿದ್ದರೂ ಅಳೆಯುತ್ತವೆ. ಮೊದಲ ಬಾಟಲಿಗೇ ಹವಾಮಾನ ಬದಲಾವಣೆ ಅಂತ ವರದಿ ಬರೆಯಲು ಕೂರಬೇಡಿ. ಮೊದಲು ಮೋಡ ಯಾವ ಸಮುದ್ರದ್ದು ಅಂತ ಪತ್ತೆ ಮಾಡಿ.

ಇನ್ನು ನೀವು ಕೇಳಿ. ಹಿಂದಿನ ಸಾಲಿನಲ್ಲಿ ಆಗಿನಿಂದ ಕೈ ಎತ್ತಿಕೊಂಡೇ ಕೂತಿದ್ದೀರಲ್ಲ ಯಜಮಾನರೇ, ನಿಮ್ಮಿಂದಲೇ ಶುರುವಾಗಲಿ.