ಚಾವಡಿಯ ಬೆಳಕು, ಪೆನ್ಸಿಲಿನ ಬೂದು

ನಮಸ್ಕಾರ. ಹಳೇ ಮನೆಯೊಳಗೆ ಕೂತು ಪೆನ್ಸಿಲಿನಲ್ಲಿ ಚಿತ್ರ ಬಿಡಿಸುವವರು ಗೆರೆಯಲ್ಲಿ ಗೆಲ್ಲುತ್ತಾರೆ, ಬೆಳಕಿನಲ್ಲಿ ಸೋಲುತ್ತಾರೆ. ಕಂಬ, ಬಾಗಿಲು, ಪಕ್ಕಾಸು (ಚಾವಣಿ ಹೊರುವ ಇಳಿಜಾರು ಮರದ ತೊಲೆ) ಎಲ್ಲ ಅಳತೆಗೆ ಸರಿ. ಆದರೂ ಬರೀ ನಕ್ಷೆಯಂತೆ ಕಾಣುತ್ತದೆ.

ನಮ್ಮ ಉಡುಪಿ, ಮಂಗಳೂರು ಕಡೆಯ ಮನೆಗಳಿಗೆ ಬೆಳಕು ಬರುವ ದಾರಿಯೇ ಬೇರೆ. ಮಳೆ ಒಳಗೆ ಹೊಡೆಯಬಾರದು ಅಂತ ಮಾಡನ್ನು (ಇಳಿಜಾರು ಚಾವಣಿಯನ್ನು) ತೀರಾ ಕೆಳಗಿನವರೆಗೆ ಇಳಿಸಿರುತ್ತಾರೆ, ಹಾಗಾಗಿ ಚಾವಡಿಯಲ್ಲಿ, ಅಂದರೆ ಮನೆಯ ಮುಂಭಾಗದ ಪಡಸಾಲೆಯಲ್ಲಿ, ಕೂತರೆ ಆಕಾಶಕ್ಕಿಂತ ಅಂಗಳವೇ ಜಾಸ್ತಿ ಕಾಣುತ್ತದೆ. ಬಿಸಿಲು ಅಂಗಳಕ್ಕೆ ಬಿದ್ದು, ಅಲ್ಲಿಂದ ಚಿಮ್ಮಿ ಒಳಗೆ ಬರುತ್ತದೆ. ಅಂದರೆ ಬೆಳಕು ಕೆಳಗಿನಿಂದ ಮೇಲಕ್ಕೆ ಹೋಗುತ್ತಿದೆ, ಅಲ್ವಾ? ಪಕ್ಕಾಸಿನ ಅಡಿಭಾಗ ಕೆಲವೊಮ್ಮೆ ಅದರ ಬದಿಗಿಂತ ತಿಳಿಯಾಗಿ ಕಾಣುವುದು ಇದಕ್ಕೇ. ರೆಡ್ ಆಕ್ಸೈಡ್ ನೆಲ ಉಜ್ಜಿ ಉಜ್ಜಿ ನುಣುಪಾಗಿದ್ದರೆ ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ. ಇದನ್ನು ನೋಡದೆ ಮಾಡಿನ ಕೆಳಗೆಲ್ಲ 6ಬಿಯಂಥ ತೀರಾ ಮೆತ್ತಗಿನ, ಕಪ್ಪು ಪೆನ್ಸಿಲ್ ಹಿಡಿದು ಕಪ್ಪು ಬಳಿದರೆ ಕೋಣೆಯ ಎತ್ತರವೇ ಹೋಯಿತು.

ಕಾಗದಕ್ಕಿಂತ ಬೆಳ್ಳಗೆ ಪೆನ್ಸಿಲಿನಿಂದ ಏನನ್ನೂ ಮಾಡಲಾಗದು. ಆ ಬಿಳಿಯನ್ನು ಗಾಜಿನ ಹಂಚಿಗೋ ಕಿಟಕಿಗೋ ಉಳಿಸಿಕೊಳ್ಳಿ. ಸುಣ್ಣದ ಗೋಡೆ ಬಿಳಿ ಅಂತ ನಮಗೆ ಮೊದಲೇ ಗೊತ್ತು, ತೊಂದರೆ ಅದೇ. ಕಣ್ಣು ಅರ್ಧ ಮುಚ್ಚಿ ಕಿಟಕಿಯ ಜೊತೆ ಹೋಲಿಸಿ ನೋಡಿ, ಗೋಡೆ ಬೂದು. ಒಳಕ್ಕೆ ಹೋದಷ್ಟೂ ಇನ್ನೂ ಬೂದು.

ಕಪ್ಪಿನ ಕಥೆ ಬೇರೆ. 1795ರಲ್ಲಿ ಫ್ರಾನ್ಸಿನ ಕೊಂತೆ ಗ್ರಾಫೈಟ್ ಪುಡಿಗೆ ಜೇಡಿಮಣ್ಣು ಕಲಸಿ ಸುಟ್ಟು ಕಡ್ಡಿ ಮಾಡಿದ, ನಮ್ಮ ಹಂಚಿನ ಹಾಗೇ. ಮಣ್ಣು ಜಾಸ್ತಿಯಾದರೆ ಕಡ್ಡಿ ಗಟ್ಟಿ, ಗೆರೆ ತಿಳಿ. ಕಡಿಮೆಯಾದರೆ ಮೆತ್ತಗೆ, ಕಪ್ಪಗೆ. ಸುಮ್ನೆ ಒತ್ತಿ ತಿಕ್ಕಿದರೆ ಗ್ರಾಫೈಟ್ ಹೊಳೆಯಲು ಶುರುವಾಗಿ, ಕಪ್ಪಾಗಬೇಕಾದ ಮೂಲೆಯೇ ಮಿಂಚುತ್ತದೆ. ಅದಕ್ಕೆ ಎಚ್‌ಬಿ, 2ಬಿಯಂಥ ಮಧ್ಯಮ ಪೆನ್ಸಿಲಿನಲ್ಲಿ ಹಗುರವಾಗಿ ಪದರ ಪದರ ಕೂರಿಸಿ. ದಟ್ಟ ಕಪ್ಪು ಕೊನೆಗೆ, ಎರಡು ಮೂರು ಕಡೆ ಸಾಕು.

ಮಂಗಳೂರಿನ ಅಲೋಶಿಯಸ್ ಚಾಪೆಲ್‌ನಂಥ ಕಡೆ ಕಷ್ಟ ಇನ್ನೊಂದು. ಇಟಲಿಯ ಆಂಟೋನಿಯೋ ಮೊಸ್ಕೇನಿ ಬಿಡಿಸಿದ ಚಿತ್ರಗಳು ಗೋಡೆ, ಚಾವಣಿ ತುಂಬ. ಬಣ್ಣಕ್ಕೆ ಕಣ್ಣು ಮೋಸ ಹೋಗುತ್ತದೆ: ಕೆಂಪು, ಹಸಿರು ಪಕ್ಕಪಕ್ಕ ಎದ್ದು ಕಂಡರೂ ಪೆನ್ಸಿಲಿಗೆ ಎರಡೂ ಒಂದೇ ಬೂದು ಆಗಿರಬಹುದು. ಅನುಮಾನ ಬಂದರೆ, ಫೋಟೋ ತೆಗೆಯಬಹುದಾದ ಜಾಗಗಳಲ್ಲಿ, ಮೊಬೈಲಿನಲ್ಲಿ ಕಪ್ಪುಬಿಳುಪು ಮಾಡಿ ನೋಡಿ. ಇದರಲ್ಲಿ ನಾಚಿಕೆ ಏನಿಲ್ಲ.

ಹೊಸದಾಗಿ ಕಲಿಯುವವರಿಗೆ ನಾನು ಮಳೆಗಾಲವನ್ನೇ ಹೇಳುವುದು. ಏಪ್ರಿಲ್ ಬಿಸಿಲಿನ ತುಂಡು ನೆಲದ ಮೇಲೆ ಸರಿಯುತ್ತಲೇ ಇರುತ್ತದೆ, ನೀವು ಅದರ ಹಿಂದೆ ಓಡಬೇಕು. ಮೋಡ ಕವಿದ ದಿನ ನೆರಳು ನಿಧಾನ, ಅಂಚು ಮೆದು. ಆದರೆ ತೇವಕ್ಕೆ ಕಾಗದ ಮೆತ್ತಗಾಗುತ್ತದೆ. ರಬ್ಬರ್ ಜೋರಾಗಿ ಉಜ್ಜಬೇಡಿ, ಮೇಲ್ಪದರ ಎದ್ದು ಬರುತ್ತದೆ.